ತಟ್ಟೆಯ ಅಂಚಿನ ಅರೇಬಿಕ್ ಬರಹ: ಊಟಕ್ಕೆ ಕೂತವರು ಇದನ್ನು ಓದುತ್ತಿದ್ದರಾ?

ಕುಂದಾಪ್ರದವ
ದೋಹಾದ ಇಸ್ಲಾಮಿಕ್ ಕಲಾ ಮ್ಯೂಸಿಯಂ ನೋಡಿದವರು ಇಲ್ಲಿ ಕೆಲವರಾದರೂ ಇರುತ್ತೀರಿ. ಅಲ್ಲಿ 10ನೇ ಶತಮಾನದ ಬಿಳಿ ತಟ್ಟೆ, ಬೋಗುಣಿಗಳಿವೆ. ಇರಾನಿನ ನಿಶಾಪುರ, ಉಜ್ಬೆಕಿಸ್ತಾನದ ಸಮರ್‌ಕಂದ್ ಕಡೆಯವು. ಕೆಲವದರ ಮೇಲೆ ಹೂವಿಲ್ಲ, ಬಳ್ಳಿಯಿಲ್ಲ, ಹಕ್ಕಿಯಿಲ್ಲ. ಅಂಚಿನ ಸುತ್ತ ಒಂದು ಸಾಲು ಕಪ್ಪು ಅರೇಬಿಕ್ ಬರಹ, ಅಷ್ಟೇ. ಒಂದರ ಅರ್ಥ ಹೀಗಿದೆ: ಸಿಕ್ಕ ಅವಕಾಶ ಕೈಬಿಟ್ಟು ಆಮೇಲೆ ಹಣೆಬರಹಕ್ಕೆ ಬೈಯುವವನು ಮೂರ್ಖ. ನಮ್ಮ 'ಕುಣಿಯಲಾರದವಳು ನೆಲ ಡೊಂಕು ಅಂದಳು' ನೆನಪಾಯ್ತು ಮಾರಾಯ್ರೆ.

ಜೊತೆಗೆ ಬಂದಿದ್ದ ಸಹೋದ್ಯೋಗಿ ಈಜಿಪ್ಟಿನವನು. ಓದು ಅಂದೆ. ಎರಡು ಪದ ತಡಕಾಡಿ ಕೈಚೆಲ್ಲಿದ. ಅರಬ್ಬನಿಗೇ ಓದೋಕೆ ಬಾರದ್ದನ್ನು, ಪರ್ಷಿಯನ್ ಮಾತಾಡುವ ಊರಲ್ಲಿ, ಅದೂ ಊಟದ ತಟ್ಟೆ ಮೇಲೆ ಯಾಕೆ ಬರೆದರು? ಯಾರಿಗಾಗಿ? ಗೊತ್ತಿದ್ದವರು ಹೇಳಿ.

ಭಟ್ಕಳದ ಮೇಷ್ಟ್ರು
ನಿಮ್ಮ ಈಜಿಪ್ಟಿನ ಗೆಳೆಯರನ್ನು ದೂರಬೇಡಿ. ನಾನು ಅರೇಬಿಕ್ ಕಲಿಸಿಯೇ ಜೀವನ ಮಾಡಿದವನು, ನನಗೂ ಮೊದಲ ನೋಟಕ್ಕೆ ಬಗ್ಗುವುದಿಲ್ಲ. ಇದು ಕೂಫಿ, ಅಂದರೆ ಅರೇಬಿಕ್‌ನ ಹಳೆಯ, ಕೋನ ಕೋನದ ಬರಹ ಶೈಲಿ. ಹೆಚ್ಚಿನ ತಟ್ಟೆಗಳಲ್ಲಿ ಅಕ್ಷರಕ್ಕೆ ಚುಕ್ಕೆ ಇರುವುದಿಲ್ಲ. ಅರೇಬಿಕ್‌ನಲ್ಲಿ ಬ, ತ, ನ, ಯ ಪದದ ನಡುವೆ ಬಂದಾಗ ಒಂದೇ ಥರದ ಪುಟ್ಟ ಹಲ್ಲು. ಚುಕ್ಕೆ ಮೇಲಿದೆಯೋ ಕೆಳಗಿದೆಯೋ, ಒಂದೋ ಎರಡೋ ಅಂತ ನೋಡಿಯೇ ಯಾವ ಅಕ್ಷರ ಅಂತ ಗೊತ್ತಾಗೋದು. ಜ, ಹ, ಖ ಕತೆಯೂ ಅದೇ. ಚುಕ್ಕೆ ತೆಗೆದರೆ ಎಲ್ಲ ಒಂದೇ. ಹ್ರಸ್ವ ಸ್ವರ ಬರೆಯುವ ರೂಢಿ ಮೊದಲೇ ಇಲ್ಲ. ಕೂಫಿಯ ಕೋನದಲ್ಲಿ ದ ಮತ್ತು ಕ ಕೂಡ ಅಣ್ಣ ತಮ್ಮಂದಿರ ಹಾಗೆ ಕಾಣುತ್ತವೆ.

ಆದರೆ ಒಂದು ಉಪಾಯ ಇದೆ. ಬರೆದಿರೋದು ಹೊಸ ವಾಕ್ಯ ಅಲ್ಲ, ಬಾಯಲ್ಲಿ ಓಡಾಡುತ್ತಿದ್ದ ಮಾತು. ಎರಡು ಪದ ಹಿಡಿದರೆ ಮಿಕ್ಕಿದ್ದು ತಾನೇ ಬರುತ್ತದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ನಿಶಾಪುರದ ಒಂದು ದೊಡ್ಡ ಬೋಗುಣಿ ಇದೆ. ಸುಮಾರು 46 ಸೆಂಟಿಮೀಟರ್ ಅಗಲ, 18 ಸೆಂಟಿಮೀಟರ್ ಎತ್ತರ. ಅದರ ಬರಹ: 'ಅತ್ತದ್ಬೀರ್ ಕಬ್ಲಲ್ ಅಮಲ್ ಯುಅಮಿನುಕ ಮಿನನ್ನದಮ್'. ಕೆಲಸಕ್ಕೆ ಮೊದಲು ಯೋಚನೆ ಮಾಡಿದರೆ ಆಮೇಲೆ ಪಶ್ಚಾತ್ತಾಪದ ಭಯ ಇಲ್ಲ. ಕೊನೆಗೆ 'ಅಲ್ ಯುಮ್ನ್ ವಸ್ಸಲಾಮಃ', ಅಂದರೆ ಶುಭವಾಗಲಿ, ಸುಖವಾಗಿರಿ. ಪ್ಯಾರಿಸ್ಸಿನ ಲೂವ್ರ್‌ನಲ್ಲಿ ಇರೋ ತಟ್ಟೆ ಹೇಳುವುದು ವಿದ್ಯೆಯ ಬಗ್ಗೆ: ಮೊದಲು ಕಹಿ, ಕೊನೆಗೆ ಜೇನಿಗಿಂತ ಸಿಹಿ. ಇನ್ನೊಂದು ಮಾತು ಬೇರೆ ಬೇರೆ ತಟ್ಟೆಗಳಲ್ಲಿ ಸಿಗುತ್ತದೆ: ಧಾರಾಳತನ ಸ್ವರ್ಗವಾಸಿಗಳ ಗುಣ.

ಗಮನಿಸಿ, ಕುರ್‌ಆನ್ ವಾಕ್ಯ ಇಲ್ಲಿ ಇಲ್ಲವೆಂದರೂ ನಡೆಯುತ್ತದೆ. ಗಾದೆ, ಹಿರಿಯರ ಮಾತು, ಪ್ರವಾದಿಯ ಅಳಿಯ ಹಜ್ರತ್ ಅಲಿ ಹೇಳಿದ್ದೆಂದು ಬಂದ ಮಾತು, ಹಾರೈಕೆ, ಇಷ್ಟೇ. ಎಂಜಲಾಗುವ ಪಾತ್ರೆ ಮೇಲೆ ದೇವರ ಮಾತು ಬರೆಯಲು ಮನಸ್ಸು ಬಂದಿರಲಿಕ್ಕಿಲ್ಲ.

ಸುಮ್ನೆ ಓದುಗ
ಮೇಷ್ಟ್ರೇ, ಎಲ್ಲ ಸರಿ. ಆದರೆ 46 ಸೆಂಟಿಮೀಟರ್ ಬೋಗುಣಿ ತುಂಬ ಪಲಾವ್ ಹಾಕಿಟ್ಟರೆ ಬರಹ ಎಲ್ಲಿ ಕಾಣುತ್ತೆ? ಹಸಿದವನು ಚುಕ್ಕೆ ಇಲ್ಲದ ಅಕ್ಷರ ಲೆಕ್ಕ ಹಾಕ್ತಾ ಕೂರ್ತಾನಾ? ನನ್ನ ಅನಿಸಿಕೆ, ಇದೆಲ್ಲ ಸಾಹುಕಾರರ ಶೋಕಿ. ಗೂಡಿನಲ್ಲಿ ನಿಲ್ಲಿಸಿ ಬಂದವರಿಗೆ ತೋರಿಸೋದು. ಓದೋದಕ್ಕಲ್ಲ.

ಕೆಮ್ಮಣ್ಣು
ನನಗೆ ಅರೇಬಿಕ್ ಬರಲ್ಲ, ಮಣ್ಣು ಗೊತ್ತು. ಸ್ಟುಡಿಯೋದಲ್ಲಿ ತಿಗರಿ ತಿರುಗಿಸೋ ಕೆಲಸ ನನ್ನದು. ಆ ಕಡೆಯಿಂದ ಹೇಳ್ತೀನಿ.

ನಿಶಾಪುರದ ಕುಂಬಾರರ ಮಣ್ಣು ಬಿಳಿ ಅಲ್ಲ. ಸುಟ್ಟರೆ ಕೆಂಪಗೋ ತಿಳಿಗಂದಾಗಿಯೋ ಬರೋ ಮಾಮೂಲಿ ಜೇಡಿ. ಆದರೆ ಆ ಕಾಲದ ದೊಡ್ಡವರ ಕಣ್ಣು ಚೀನಾದ ಬಿಳಿ ಪಿಂಗಾಣಿ ಮೇಲೆ. ಪಿಂಗಾಣಿಗೆ ಬೇಕಾದ ಮಣ್ಣೂ ಇಲ್ಲ, 1,300 ಡಿಗ್ರಿ ಹತ್ತಿರದ ಬೆಂಕಿಯೂ ಇಲ್ಲ. ಹಾಗಾಗಿ ಒಂದು ಜಾಣ ದಾರಿ ಹಿಡಿದರು. ತಟ್ಟೆ ಅರೆ ಒಣಗಿದಾಗ, ನುಣ್ಣನೆ ಬಿಳಿ ಜೇಡಿಯನ್ನು ನೀರಿನಲ್ಲಿ ಕದಡಿ ಮೈಗೆಲ್ಲ ಬಳಿದರು. ಬಿಳಿ ಹಾಳೆ ಸಿಕ್ಕಿತು. ಅದರ ಮೇಲೆ ಕಪ್ಪು ಬರಹ. ಮೇಲೊಂದು ಪಾರದರ್ಶಕ ಸೀಸದ ಗ್ಲೇಜ್, ಅಂದರೆ ಬೆಂಕಿಯಲ್ಲಿ ಕರಗಿ ಗಾಜಿನ ಹಾಗೆ ಆಗೋ ಲೇಪ. ಆಮೇಲೆ ಆವಿಗೆ.

ಇಲ್ಲಿ ಒಂದು ತೊಡಕಿದೆ. ಸೀಸದ ಗ್ಲೇಜ್ ಕರಗಿದಾಗ ಕೆಳಗಿನ ಬಣ್ಣವನ್ನು ಎಳೆದುಕೊಂಡು ಹರಿಯುತ್ತದೆ. ಬರೀ ಬಣ್ಣದಲ್ಲಿ ಬರೆದಿದ್ದರೆ ಅಕ್ಷರ ಕಲಸಿಹೋಗುತ್ತಿತ್ತು. ಅದಕ್ಕೆ ಅವರು ಬಣ್ಣವನ್ನೇ ಜೇಡಿಯ ಜೊತೆ ಕಲಸಿದರು. ಮ್ಯಾಂಗನೀಸ್, ಕಬ್ಬಿಣ ಸೇರಿದ ಕಪ್ಪು ಜೇಡಿ. ಕೆಂಪಿಗೆ ಕಬ್ಬಿಣದ ಕೆಮ್ಮಣ್ಣು. ಜೇಡಿ ತನ್ನ ಜಾಗ ಬಿಟ್ಟು ಕದಲಲ್ಲ. ಸಾವಿರ ವರ್ಷ ಆದರೂ ಅಕ್ಷರದ ಅಂಚು ಬ್ಲೇಡಿನಲ್ಲಿ ಕೊಯ್ದ ಹಾಗೆ ಇರೋದಕ್ಕೆ ಇದೇ ಕಾರಣ.

ಇನ್ನೊಂದು ಕೈಚಳಕ. ಚೆನ್ನಾಗಿರೋ ಫೋಟೋ ಸಿಕ್ಕಿದರೆ ದೊಡ್ಡದು ಮಾಡಿ ನೋಡಿ. ಕೆಲವು ತಟ್ಟೆಗಳಲ್ಲಿ ಕಪ್ಪು ಅಕ್ಷರದ ಪಕ್ಕ ಸಣ್ಣ ಗೀರು ಕಾಣುತ್ತದೆ. ಕುಂಚದಿಂದ ಬರೆದ ಮೇಲೆ ಚೂಪಾದ ಕಡ್ಡಿಯಿಂದ ಅಂಚನ್ನು ಕೆರೆದು ನೇರ ಮಾಡಿದ್ದಾರೆ. ಅಕ್ಷರದೊಳಗಿನ ಸಣ್ಣ ಬಿಳಿ ಗೆರೆಗಳನ್ನೂ ಹಾಗೇ ಕೆರೆದು ತೆಗೆದಿರೋದುಂಟು.

ಸುಮ್ನೆ ಓದುಗ ಅವರೇ, ಶೋಕಿ ಅಂತೀರಿ. ಇರಬಹುದು. ಆದರೆ ದುಂಡಗಿನ ಅಂಚಿನ ಮೇಲೆ ಒಂದು ವಾಕ್ಯ ಬರೆದು, ಅದು ಶುರುವಾದ ಜಾಗಕ್ಕೇ ಸರಿಯಾಗಿ ಬಂದು ಮುಗಿಯಬೇಕು ಅಂದರೆ ಎಷ್ಟು ಕಷ್ಟ ಅಂತ ಒಂದು ಪೇಪರ್ ಪ್ಲೇಟಿನ ಮೇಲೆ ಪ್ರಯತ್ನ ಮಾಡಿ ನೋಡಿ. ಮೊದಲರ್ಧ ಅಗಲವಾಗಿ ಬರೆದು, ಕೊನೆಗೆ ಜಾಗ ಸಾಲದೆ ಇರುಕಿಸುತ್ತೀರಿ. 'ಕೆಲಸಕ್ಕೆ ಮೊದಲು ಯೋಚನೆ' ಅನ್ನೋ ಮಾತನ್ನು ಆರಿಸಿದ ಕುಂಬಾರ ತನ್ನ ಕಷ್ಟವನ್ನೇ ಬರೆದುಕೊಂಡ ಅಂತ ನನಗೆ ನಗು ಬರುತ್ತೆ.

ಭಟ್ಕಳದ ಮೇಷ್ಟ್ರು
ಮೇಡಂ, ಜಾಗದ ವಿಷಯ ಎತ್ತಿದ್ದು ಒಳ್ಳೆಯದಾಯ್ತು. ಅರೇಬಿಕ್‌ಗೆ ಅಲ್ಲೊಂದು ಅನುಕೂಲ ಇದೆ. ಅಕ್ಷರದ ನಡುವಿನ ಗೆರೆಯನ್ನು ಬೇಕಾದಷ್ಟು ಎಳೆಯಬಹುದು. ಜಾಗ ಉಳಿದರೆ ಒಂದು ಅಕ್ಷರವನ್ನು ಗೇಣುದ್ದ ಚಾಚಿಬಿಡುತ್ತಾರೆ. ಕಡಿಮೆ ಬಿದ್ದರೆ ಒತ್ತಿ ಬರೆಯುತ್ತಾರೆ. ಮೆಟ್ರೊಪಾಲಿಟನ್ ಬೋಗುಣಿಯಲ್ಲಿ ಅಲಿಫ್, ಲಾಮ್ ಅಕ್ಷರಗಳ ಉದ್ದ ಕೋಲುಗಳೆಲ್ಲ ನಡುವಿನ ಕಡೆಗೆ ಮುಖ ಮಾಡಿ ನಿಂತಿವೆ. ಅಕ್ಷರಗಳ ಕಾಲು ಅಂಚಿನ ಕಡೆ, ತಲೆ ಒಳಗೆ. ತಟ್ಟೆಯ ಮುಂದೆ ಕೂತವನಿಗೆ ತನ್ನ ಹತ್ತಿರದ ಪದ ಮಾತ್ರ ನೆಟ್ಟಗೆ ಕಾಣುತ್ತದೆ. ಮುಂದಿನ ಪದ ಎಡಗಡೆ. ಅದನ್ನು ಓದಬೇಕಾದರೆ ತಟ್ಟೆ ತಿರುಗಿಸಬೇಕು, ಇಲ್ಲಾ ಎದುರು ಕೂತವನು ಓದಬೇಕು.

ಸುಮ್ನೆ ಓದುಗ
ಅದೇ ನಾನು ಹೇಳಿದ್ದು! ತುಂಬಿದ ಬೋಗುಣಿ ತಿರುಗಿಸೋಕಾಗುತ್ತಾ?

ಬೋಕಿಬಿಲ್ಲೆ
ಜಗಳಕ್ಕೆ ನಾನೂ ಬಂದೆ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಈ ತಟ್ಟೆಗಳ ಕಾಲ ಸಾಮಾನಿ ಅರಸರದ್ದು. 819ರಿಂದ 999ರವರೆಗೆ, ರಾಜಧಾನಿ ಬುಖಾರಾ. ಹೆಸರಿಗೆ ಬಾಗ್ದಾದಿನ ಖಲೀಫರ ಕೈಕೆಳಗೆ, ಆಡಳಿತ ಪೂರಾ ತಮ್ಮದೇ. ಪರ್ಷಿಯನ್ ಕಾವ್ಯ ಚಿಗುರಿದ್ದು ಇವರ ಆಸ್ಥಾನದಲ್ಲಿ. ಕವಿ ರೂದಕಿ ಇವರ ಆಶ್ರಯದಲ್ಲಿದ್ದವನು. ಹಾಗಿದ್ದೂ ತಟ್ಟೆ ಮೇಲೆ ಪರ್ಷಿಯನ್ ಯಾಕಿಲ್ಲ ಅನ್ನೋದು ನಿಜವಾಗಲೂ ಒಳ್ಳೆ ಪ್ರಶ್ನೆ.

ನಿಶಾಪುರ ಅಂದರೆ ಆಗ ಸಣ್ಣ ಊರಲ್ಲ. ರೇಷ್ಮೆ ದಾರಿಯ ಮೇಲಿನ ದೊಡ್ಡ ಪೇಟೆ, ಜೊತೆಗೆ ವಿದ್ವಾಂಸರ ತವರು. ಹದೀಸ್, ಅಂದರೆ ಪ್ರವಾದಿಯ ನುಡಿ ನಡೆಗಳ ಸಂಗ್ರಹಕ್ಕೆ ಹೆಸರಾದ ಇಮಾಮ್ ಮುಸ್ಲಿಮ್ ಇದೇ ಊರಿನವರು, 875ರಲ್ಲಿ ತೀರಿಕೊಂಡರು. ಅರೇಬಿಕ್ ಗಾದೆ, ಚಾಟು ಮಾತು, ಕವಿತೆ ಕಲೆಹಾಕಿ ಪುಸ್ತಕದ ಮೇಲೆ ಪುಸ್ತಕ ಬರೆದ ಸಆಲಿಬಿ 961ರಲ್ಲಿ ಹುಟ್ಟಿದ್ದೂ ಇಲ್ಲೇ. ಮನೆಯಲ್ಲಿ ಪರ್ಷಿಯನ್, ಓದು ಬರಹಕ್ಕೆ ಅರೇಬಿಕ್. ಸಮಯಕ್ಕೆ ಸರಿಯಾಗಿ ಒಂದು ಮಾತು ಉದುರಿಸಿದವನಿಗೆ ನಾಲ್ಕು ಜನರ ಮುಂದೆ ಬೆಲೆ. ಅಂಥ ಊರಿನಲ್ಲಿ ಓದುವವರೇ ಇರಲಿಲ್ಲ ಅನ್ನೋಕಾಗಲ್ಲ.

ಈಗ ಸುಮ್ನೆ ಓದುಗರ ಪಲಾವ್. ಊಟ ಮುಗಿದಂತೆ ತಟ್ಟೆ ಖಾಲಿ ಆಗುತ್ತಲ್ವಾ? ಆಗ ಬರಹ ಕಾಣುತ್ತದೆ. ದೊಡ್ಡ ಬೋಗುಣಿಯಿಂದ ಸುತ್ತ ಕೂತವರೆಲ್ಲ ತಿನ್ನುವ ರೂಢಿ ಇತ್ತು. ಒಬ್ಬೊಬ್ಬರಿಗೆ ಒಂದೊಂದು ತುಂಡು ಕಾಣುತ್ತದೆ. ಊಟದ ನಂತರದ ಹರಟೆಗೆ ಇದಕ್ಕಿಂತ ಒಳ್ಳೆ ಸಾಮಾನು ಬೇಕಾ? ನನ್ನ ಮಟ್ಟಿಗೆ, ಓದೋಕೆ ಕಷ್ಟ ಆಗಿರೋದೇ ಈ ತಟ್ಟೆಯ ಮಜಾ. ಸಲೀಸಾಗಿ ಓದಿಬಿಟ್ಟರೆ ಓದಿದವನಿಗೆ ಹೆಮ್ಮೆ ಏನು ಬಂತು? ವಿಷಯಗಳನ್ನೇ ನೋಡಿ: ಧಾರಾಳತನ, ಮಾತು ಕಡಿಮೆ ಮಾಡು, ದುಡುಕಬೇಡ. ಕರೆದವನಿಗೂ ಅನ್ವಯಿಸುತ್ತೆ, ಬಂದವನಿಗೂ ಅನ್ವಯಿಸುತ್ತೆ.

ಕುಂದಾಪ್ರದವ
ಬೋಕಿಬಿಲ್ಲೆ ಅವರೇ, ಹಾಗಾದರೆ ಊರಲ್ಲಿ ಎಲ್ಲರ ಮನೆಯಲ್ಲೂ ಇಂಥ ತಟ್ಟೆ ಇತ್ತಾ?

ಬೋಕಿಬಿಲ್ಲೆ
ಇಲ್ಲ. ಮೆಟ್ರೊಪಾಲಿಟನ್ ಮ್ಯೂಸಿಯಂನವರು 1935ರಿಂದ 1940ರವರೆಗೆ ನಿಶಾಪುರ ಅಗೆದರು, 1947ರಲ್ಲಿ ಮತ್ತೊಮ್ಮೆ. ಸಿಕ್ಕಿದ್ದನ್ನು ಟೆಹ್ರಾನ್ ಮತ್ತು ನ್ಯೂಯಾರ್ಕ್ ಹಂಚಿಕೊಂಡವು. ಆ ಅಗೆತದಲ್ಲಿ ಇನ್ನೊಂದು ಥರದ ಪಾತ್ರೆ ಜಾಸ್ತಿ ಸಿಕ್ಕಿತು. ತಿಳಿಗಂದು ಮೈ, ಮೇಲೆ ಹಳದಿ, ಹಸಿರು, ಕಪ್ಪು. ಕುದುರೆ ಸವಾರರು, ಚಿರತೆ, ಹಕ್ಕಿ, ಹೂವು, ಒಂದಿಷ್ಟೂ ಜಾಗ ಬಿಡದೆ ತುಂಬಿರುತ್ತಾರೆ. ಬಿಳಿ ತಟ್ಟೆಗೆ ತದ್ವಿರುದ್ಧ. ಅದು ನಿಶಾಪುರದ್ದೇ ಸರಕು, ಸಮರ್‌ಕಂದ್ ಕಡೆ ಕಾಣಲ್ಲ. ಬರಹದ ಬಿಳಿ ತಟ್ಟೆ ಎರಡೂ ಕಡೆ ಇದೆ.

ರಿಚರ್ಡ್ ಬುಲಿಯೆಟ್ ಅನ್ನೋ ಇತಿಹಾಸಕಾರರು ಇದನ್ನು ಊರಿನ ಪಂಗಡಗಳ ಜೊತೆ ಜೋಡಿಸಿ ನೋಡಿದ್ದಾರೆ. ಅವರ ವಾದದ ತಿರುಳು ಇಷ್ಟು: ಬರಹದ ತಟ್ಟೆ ಅರಬ್ ಸಂಸ್ಕೃತಿಯನ್ನು ಮೇಲ್ಪಂಕ್ತಿ ಅಂದುಕೊಂಡ ಮನೆತನಗಳ ರುಚಿ, ಸವಾರರ ತಟ್ಟೆ ಹಳೇ ಪರ್ಷಿಯನ್ ರುಚಿ. ಇಷ್ಟು ನೇರವಾಗಿ ಗೆರೆ ಎಳೆಯಬಹುದಾ ಅಂತ ನನಗೆ ಅನುಮಾನ. ಒಂದೇ ಮನೆಯಲ್ಲಿ ಎರಡೂ ಇದ್ದಿರಬಾರದಾ? ಆದರೂ ತಟ್ಟೆ ನೋಡಿ ಊರಿನ ರಾಜಕೀಯ ಯೋಚಿಸೋ ಹಾಗೆ ಮಾಡಿದ್ದಕ್ಕೆ ಅವರಿಗೆ ಒಂದು ಸಲಾಂ.

ಸುಮ್ನೆ ಓದುಗ
ಸರಿ, ಓದುವವರು ಇದ್ದರು ಅಂತ ಒಪ್ಪಿದೆ. ಅರ್ಧ ಮಾತ್ರ. ನಾನೂ ಸ್ವಲ್ಪ ಹುಡುಕಿದೆ. ಎಷ್ಟೋ ತಟ್ಟೆಗಳಲ್ಲಿ ಗಾದೆಯೂ ಇಲ್ಲ, ಒಂದೇ ಪದ ಸುತ್ತಲೂ ಮತ್ತೆ ಮತ್ತೆ. ಕೆಲವದರಲ್ಲಿ ಅದೂ ಅಳಿದು ಬರೀ ಗೀಟು, ಕೊಕ್ಕೆ. ಯಾವ ಭಾಷೆಯೂ ಅಲ್ಲ. ಅದನ್ನು ಕೊಂಡವನು ಏನು ಓದಿದ?

ಭಟ್ಕಳದ ಮೇಷ್ಟ್ರು
ಇದು ಸರಿಯಾದ ಪೆಟ್ಟು. 'ಬರಕಃ', ಅಂದರೆ ಬರಕತ್, ದೇವರ ಕೃಪೆ. 'ಯುಮ್ನ್', ಅಂದರೆ ಶುಭ. ಇವೆರಡು ಪದ ಸವೆದು ಸವೆದು ಬರೀ ಆಕಾರವಾಗಿ ಉಳಿದದ್ದು ಎಷ್ಟೋ ಇವೆ. ಬರೆದವನಿಗೆ ಓದು ಬರುತ್ತಿತ್ತೋ ಇಲ್ಲವೋ, ಕೈಗೆ ಆ ಆಕಾರ ಗೊತ್ತಿತ್ತು. ಆದರೆ ಕೊಂಡವನು ಏನೂ ಓದಲಿಲ್ಲ ಅನ್ನಬೇಡಿ. ತಟ್ಟೆಯಲ್ಲಿ ಬರಕತ್ ಇದೆ ಅಂತ ಅವನಿಗೆ ಗೊತ್ತು. ನಮ್ಮಲ್ಲಿ ಗೃಹಪ್ರವೇಶಕ್ಕೆ ಕೊಡುವ ಸ್ಟೀಲ್ ಪಾತ್ರೆ ಮೇಲೆ ಚುಕ್ಕೆ ಚುಕ್ಕೆಯಾಗಿ ಹೆಸರು ಕೊರೆಸುತ್ತಾರಲ್ಲ, ಅದನ್ನು ದಿನಾ ಯಾರು ಓದುತ್ತಾರೆ? ಯಾರು ಕೊಟ್ಟದ್ದು ಅಂತ ಮನೆಗೆಲ್ಲ ಗೊತ್ತಿರುತ್ತದೆ. 'ಬರಕಃ ಲಿ ಸಾಹಿಬಿಹಿ', ಇದರ ಯಜಮಾನನಿಗೆ ಬರಕತ್ ಸಿಗಲಿ, ಅಂತ ಬರೆಯೋದು ಆ ಕಾಲದ ಪಾತ್ರೆಗಳಲ್ಲಿ ಬಹಳ ಮಾಮೂಲು.

ಬೋಕಿಬಿಲ್ಲೆ
ಮೇಷ್ಟ್ರ ಮಾತಿಗೆ ಒಂದು ಸೇರಿಸ್ತೀನಿ. ತಟ್ಟೆ ಮೇಲೆ ಹಾರೈಕೆ ಬರೆಯೋ ರೂಢಿ ನಿಶಾಪುರಕ್ಕೂ ಮೊದಲಿನದು. 9ನೇ ಶತಮಾನದಲ್ಲಿ ಇರಾಕಿನ ಬಸ್ರಾದವರು ಬಿಳಿ ತವರದ ಗ್ಲೇಜ್ ಮೇಲೆ ಕೋಬಾಲ್ಟ್ ನೀಲಿಯಲ್ಲಿ ಒಂದೆರಡು ಪದ ಬರೆಯುತ್ತಿದ್ದರು. ನೀಲಿ ಬಿಳಿ ಅಂದರೆ ಚೀನಾ ಅಂತ ಎಲ್ಲರ ತಲೆಯಲ್ಲಿದೆ. ಇವು ಚೀನಾದ ಹೆಸರಾಂತ ನೀಲಿ ಬಿಳಿ ಪಿಂಗಾಣಿಗಿಂತ ನಾಲ್ಕೈದು ಶತಮಾನ ಹಳೆಯವು. ಆದರೆ ಬಿಳಿಯ ಹುಚ್ಚು ಹತ್ತಿಸಿದ್ದು ಮಾತ್ರ ಚೀನಾವೇ. ಇರಾನಿನ ಪೂರ್ವದ ಖುರಾಸಾನ್ ಪ್ರಾಂತದ ಗವರ್ನರ್ ಅಲಿ ಬಿನ್ ಈಸಾ, ಖಲೀಫ ಹಾರೂನ್ ರಶೀದನಿಗೆ 20 ರಾಜಯೋಗ್ಯ ಚೀನೀ ಪಿಂಗಾಣಿ, ಜೊತೆಗೆ ಇನ್ನೂ 2,000 ಪಿಂಗಾಣಿ ಕಳಿಸಿದ ಅಂತ ಇತಿಹಾಸಕಾರ ಬೈಹಕಿ ಬರೆದಿದ್ದಾನೆ. ನಿಶಾಪುರ ಇರೋದು ಅದೇ ಖುರಾಸಾನಿನಲ್ಲಿ.

ಪರ್ಷಿಯನ್ ಭಾಷೆ ಪಾತ್ರೆ ಮೇಲೆ ಜೋರಾಗಿ ಬರೋದು ಆಮೇಲೆ, 12ನೇ ಶತಮಾನದ ಕೊನೆಯ ಹೊತ್ತಿಗೆ, ಕಾಶಾನ್ ಊರಿನಲ್ಲಿ. ಅಲ್ಲಿ ಪ್ರೇಮದ ಚೌಪದಿಗಳು, ಕಣ್ಣೀರು, ವಿರಹ. ಬುದ್ಧಿಮಾತಿನ ಕಾಲ ಮುಗಿದಿತ್ತು. ನನಗಂತೂ ನಿಶಾಪುರದ ಒಣ ಬುದ್ಧಿಮಾತೇ ಇಷ್ಟ.

ಮಸ್ಕತ್ ಮೂಲೆ
ಒಂದು ಅಡುಗೆಮನೆ ಪ್ರಶ್ನೆ. ಸೀಸದ ಗ್ಲೇಜ್ ಅಂದ್ರಿ. ಅದರಲ್ಲಿ ಊಟ ಮಾಡಿದರೆ ವಿಷ ಅಲ್ವಾ?

ಕೆಮ್ಮಣ್ಣು
ಹೌದು, ಅಪಾಯ ಇದ್ದೇ ಇತ್ತು. ಹುಳಿ ಬಿದ್ದರೆ ಸೀಸ ಊಟಕ್ಕೆ ಇಳಿಯುತ್ತದೆ. ವಿನೆಗರ್, ದಾಳಿಂಬೆ ರಸ, ಮೊಸರು ಎಲ್ಲ ಆ ಊರುಗಳ ಊಟದಲ್ಲಿ ಇದ್ದದ್ದೇ. ಚೆನ್ನಾಗಿ ಬೆಂದ ಗ್ಲೇಜ್ ಕಡಿಮೆ ಬಿಡುತ್ತದೆ, ಅರೆಬೆಂದದ್ದು ಜಾಸ್ತಿ. ಪ್ರಪಂಚದ ಎಷ್ಟೋ ಕಡೆ ಸೀಸದ ಗ್ಲೇಜ್ ಶತಮಾನಗಟ್ಟಲೆ ನಡೆದಿದೆ. ಕಡಿಮೆ ಶಾಖಕ್ಕೆ ಕರಗುತ್ತದೆ, ಕನ್ನಡಿ ಥರ ಹೊಳೆಯುತ್ತದೆ, ಕುಂಬಾರನಿಗೆ ಅಷ್ಟು ಸಾಕು. ಮೊದಲು ಕಾಯಿಲೆ ಬೀಳುತ್ತಿದ್ದದ್ದೂ ಅವನೇ, ಸೀಸದ ಪುಡಿ ಕುಡಿದು. ಇವತ್ತು ನಾವು ಊಟದ ಪಾತ್ರೆಗೆ ಅದನ್ನು ಮುಟ್ಟೋದೇ ಇಲ್ಲ.

ಬೀದರ್ ಹುಡುಗ
ನಮ್ಮೂರಿನ ಮಹಮೂದ್ ಗಾವಾನ್ ಮದರಸಾ ಗೋಡೆ ಮೇಲೂ ಗ್ಲೇಜ್ ಹಾಕಿದ ಅರೇಬಿಕ್ ಅಕ್ಷರ ಇದೆ. ಅದಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯಾ?

ಬೋಕಿಬಿಲ್ಲೆ
ನೇರ ಸಂಬಂಧ ಇಲ್ಲ, ದೂರದ ನೆಂಟಸ್ತಿಕೆ ಇದೆ. ಗಾವಾನ್ ಇರಾನಿನ ಗಿಲಾನ್ ಕಡೆಯಿಂದ ಬಂದವನು. ಮದರಸಾ 1472ರದ್ದು, ಅಂದರೆ ಈ ತಟ್ಟೆಗಳಿಗಿಂತ 500 ವರ್ಷ ಈಚೆಗೆ. ಅಷ್ಟರಲ್ಲಿ ಲಿಪಿ ಬದಲಾಗಿತ್ತು. ಮೂಲೆ ಮೂಲೆಯ ಕೂಫಿ ಹೋಗಿ, ಬಳುಕುವ ಸುಲುಸ್ ಬಂದಿತ್ತು. ಕೆಲಸವೂ ಬೇರೆ, ಅದು ಹೆಂಚಿನ ಕೆಲಸ. ಮತ್ತೆ ಅಲ್ಲಿ ಇರೋದು ಕುರ್‌ಆನ್ ವಾಕ್ಯ. ಗೋಡೆ ಮೇಲೆ ಎತ್ತರದಲ್ಲಿ ಇರೋದಕ್ಕೆ ಅದು ಸರಿ, ಮೇಷ್ಟ್ರು ಹೇಳಿದ ಎಂಜಲಿನ ಪ್ರಶ್ನೆ ಬರಲ್ಲ. 1696ರಲ್ಲಿ ಅಲ್ಲಿಟ್ಟಿದ್ದ ಮದ್ದು ಸಿಡಿದು ಕಟ್ಟಡದ ಒಂದು ಭಾಗವೇ ಹೋಯ್ತು. ಉಳಿದ ಮಿನಾರಿನ ಹೆಂಚನ್ನು ಸಂಜೆ ಬಿಸಿಲಲ್ಲಿ ನೋಡಿ, ಬಣ್ಣ ಚೆನ್ನಾಗಿ ಕಾಣುತ್ತೆ.

ಮಸ್ಕತ್ ಮೂಲೆ
ಆ ಸೀಸದ ಪ್ರಶ್ನೆ ಕೇಳಿದ್ದು ಸುಮ್ನೆ ಅಲ್ಲ. ಆನ್‌ಲೈನ್‌ನಲ್ಲಿ ಒಬ್ಬರು ನಿಶಾಪುರದ ಬೋಗುಣಿ ಅಂತ ಮಾರಾಟಕ್ಕಿಟ್ಟಿದ್ದಾರೆ. 'ಪೂರ್ತಿ, ಎಲ್ಲೂ ಒಡೆದಿಲ್ಲ' ಅಂತ ಬರೆದಿದ್ದಾರೆ. ಫೋಟೋ ಹಾಕಿದ್ದೀನಿ. ಮೇಷ್ಟ್ರು ಓದಿ ಹೇಳಬಹುದಾ?

ಭಟ್ಕಳದ ಮೇಷ್ಟ್ರು
ಬಲಗಡೆ 'ಬರಕಃ' ಚೆನ್ನಾಗಿದೆ. ಅದರ ಮುಂದಿನ 'ಬರಕಃ' ಕೂಡ ಸರಿ. ಮೂರನೆಯದರಲ್ಲಿ ರ ಇರಬೇಕಾದ ಕಡೆ ಒಂದು ಕೋಲು ನಿಂತಿದೆ. ಅಲ್ಲಿಂದ ಮುಂದೆ ಅಂಗೈ ಅಗಲದಷ್ಟು ಅಕ್ಷರವೇ ಅಲ್ಲ, ಸುಮ್ಮನೆ ಎಳೆದ ಗೆರೆ. ಆಮೇಲೆ ಮತ್ತೆ ಒಳ್ಳೆಯ 'ಬರಕಃ'. ಹಳೆಯ ಕುಂಬಾರನಿಗೇ ಓದು ಬಾರದಿದ್ದರೆ ಎಲ್ಲ ಕಡೆ ಒಂದೇ ಥರ ತಪ್ಪುತ್ತಿದ್ದ. ಇಲ್ಲಿ ನಡುವೆ ಮಾತ್ರ ಕೈ ಬದಲಾಗಿದೆ.

ಕೆಮ್ಮಣ್ಣು
ಮೇಷ್ಟ್ರು ಹೇಳಿದ ಅದೇ ಜಾಗದಲ್ಲಿ ಹೊಳಪೂ ಬೇರೆ. ಮಿಕ್ಕ ಕಡೆ ಗ್ಲೇಜ್‌ನಲ್ಲಿ ಕೂದಲೆಳೆಯಂಥ ಬಿರುಕಿನ ಬಲೆ ಇದೆ, ಅಲ್ಲಿ ಇಲ್ಲ. ಒಡೆದ ತುಂಡು ಸಿಗದೆ ಪ್ಲಾಸ್ಟರ್ ತುಂಬಿ, ಬಣ್ಣ ಬಳಿದು, ವಾರ್ನಿಷ್ ಹಾಕಿರೋ ಹಾಗಿದೆ. ಫೋಟೋ ನೋಡಿ ಇಷ್ಟೇ ಹೇಳಬಹುದು. ನೇರಳಾತೀತ ಬೆಳಕಿನಲ್ಲಿ ಹಿಡಿದರೆ ಹೊಸ ಬಣ್ಣ ಬೇರೆಯಾಗಿ ಹೊಳೆದು ತೋರಿಸಿಕೊಡುತ್ತದೆ. ಮಣ್ಣು ಯಾವಾಗ ಸುಟ್ಟದ್ದು ಅಂತ ತಿಳಿಯೋಕೆ ಥರ್ಮೋಲುಮಿನೆಸೆನ್ಸ್ ಪರೀಕ್ಷೆ ಇದೆ. ಅದಕ್ಕೆ ತೆಗೆಯೋ ಚೂರು ಮಾತ್ರ ಹಳೇ ಭಾಗದ್ದೋ ಹೊಸದ್ದೋ ನೋಡಿಕೊಳ್ಳಬೇಕು.

ಬೋಕಿಬಿಲ್ಲೆ
ಇಂಥ ಬೋಗುಣಿಗಳಲ್ಲಿ ಒಡೆಯದೆ ಉಳಿದದ್ದು ಬಲು ಅಪರೂಪ. ಬೋಕಿಗಳನ್ನು ಕೂಡಿಸಿ ನಿಲ್ಲಿಸಿದ್ದೇ ಹೆಚ್ಚು. ಕೂಡಿಸೋದು ತಪ್ಪಲ್ಲ, ಮುಚ್ಚಿಡೋದು ತಪ್ಪು. ಇನ್ನೊಂದು ಮಾತು. ಮ್ಯೂಸಿಯಂನವರು ಅಗೆದು ಹೋದ ಮೇಲೆ ನಿಶಾಪುರದ ದಿಬ್ಬಗಳನ್ನು ಮಾರಾಟಕ್ಕಾಗಿಯೇ ಜನ ತೋಡಿದ್ದಾರೆ. ಈ ಬೋಗುಣಿ ಇರಾನಿನಿಂದ ಯಾವಾಗ, ಹೇಗೆ ಹೊರಗೆ ಬಂತು ಅಂತ ಕಾಗದ ಕೇಳಿ. ಅದಿಲ್ಲದಿದ್ದರೆ ದುಡ್ಡು ಕೊಡಬೇಡಿ.

ಮಸ್ಕತ್ ಮೂಲೆ
ಕೇಳಿದೆ. 'ಅಜ್ಜನ ಕಾಲದಿಂದ ಮನೆಯಲ್ಲಿತ್ತು' ಅಂತ ಉತ್ತರ ಬಂತು. ಮೂರನೇ ಪದದ ಬಗ್ಗೆ ಕೇಳಿದ ಮೇಲೆ ಫೋಟೋನೇ ತೆಗೆದುಬಿಟ್ಟಿದ್ದಾರೆ.

ಸುಮ್ನೆ ಓದುಗ
ಕೊನೆಗೂ ಯಾರೋ ಒಬ್ಬರು ಓದಿದ್ದು ಉಪಯೋಗಕ್ಕೆ ಬಂತು ನೋಡಿ. ಮೇಷ್ಟ್ರೇ, ಪಲಾವ್ ವಾದ ವಾಪಸ್ ತಗೊಂಡಿಲ್ಲ ನಾನು, ನೆನಪಿರಲಿ.